ನಿಮ್ಮೂರ ರೈಲ್ವೆ ಸ್ಟೇಷನ್ ಎಷ್ಟು ಹಳೇದು? ಹುಡುಕೋದು ಹೀಗೆ

ಯಾರನ್ನೇ ಕೇಳಿ, 'ಬ್ರಿಟಿಷರ ಕಾಲದ್ದು' ಅಂದುಬಿಡುತ್ತಾರೆ. ಅಷ್ಟಕ್ಕೇ ಸುಮ್ಮನಾಗಬೇಡಿ.

ಮೊದಲು ಲೈನ್ ಯಾವಾಗ ಬಂತು ಅಂತ ನೋಡಿ, ಕಟ್ಟಡದ ಮಾತು ಆಮೇಲೆ. ಬೀರೂರನ್ನೇ ತಗೊಳ್ಳಿ. ಅದರ ಮೇಲೆ ಹಾಯುವ ಬೆಂಗಳೂರು–ಹರಿಹರ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ಪೂರ್ತಿಯಾದದ್ದು 1889ರಲ್ಲಿ, ಬೀರೂರಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ರೈಲು ಹೋದದ್ದು 1899ರಲ್ಲಿ. ಸಾಗರ, ತಾಳಗುಪ್ಪದವರು ಇನ್ನೂ ಮೂರು ದಶಕಕ್ಕಿಂತ ಜಾಸ್ತಿ ಕಾಯಬೇಕಾಯಿತು. ಅಂದರೆ ತರೀಕೆರೆಯವರು ಹುಡುಕುವ ಇಸವಿ ಬೇರೆ, ಸಾಗರದವರದ್ದು ಬೇರೆ. ಮೈಸೂರು ಸೀಮೆಯ ಊರಾದರೆ ಹಳೇ ಗೆಜೆಟಿಯರ್ (ಸೀಮೆಯ ಊರು, ಇತಿಹಾಸದ ವಿವರ ಕೊಡುವ ಸರ್ಕಾರಿ ಗ್ರಂಥ) ತೆಗೆಯಿರಿ, ಸ್ಕ್ಯಾನ್ ಪ್ರತಿಗಳು ನೆಟ್‌ನಲ್ಲೇ ಸಿಗುತ್ತವೆ. ರೈಸ್ ಅವರ ಪರಿಷ್ಕೃತ ಗೆಜೆಟಿಯರ್ 1897ರದ್ದು, ಅದಾದ ಮೇಲೆ 1920ರ ದಶಕದವರೆಗಿನ ಲೈನಿಗೆ ಹಯವದನರಾಯರ ಗೆಜೆಟಿಯರ್ ಬೇಕು.

ಹುಡುಕುವಾಗ ಆಗಿನ ಹೆಸರು ಹಾಕಿ. 'ನೈಋತ್ಯ ರೈಲ್ವೆ' ಅಂತ ಹಾಕಿದರೆ 2003ರ ಹಿಂದಿನದೇನೂ ಬರಲ್ಲ. ಅದಕ್ಕೂ ಮೊದಲು, 1951ರಿಂದ, ಮೈಸೂರು ಸೀಮೆಯಲ್ಲಿ ಅದು ಸದರ್ನ್ ರೈಲ್ವೆ. ಇನ್ನೂ ಹಿಂದೆ ಹೋದರೆ ಮೈಸೂರು ಸ್ಟೇಟ್ ರೈಲ್ವೆ, ಸದರ್ನ್ ಮರಾಠಾ ರೈಲ್ವೆ.

ಈಗ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಸ್ಟೇಷನ್ನಿಗೇ ಹೋಗಿ. ಇದೇ ನನಗೆ ಇಷ್ಟದ ಭಾಗ. ಬೇಲಿಯ ಕಂಬ, ಚಾವಣಿಯ ಆಧಾರ ಸರಿಯಾಗಿ ನೋಡಿ, ಎಷ್ಟೋ ಕಡೆ ಅವು ಹಳೇ ಹಳಿಯ ತುಂಡುಗಳೇ. ಹಳಿಯ ನಡುಪಟ್ಟಿಯ ಮೇಲೆ ತಯಾರಿಸಿದ ಕಂಪನಿಯ ಹೆಸರು, ಇಸವಿ ಉಬ್ಬಕ್ಷರದಲ್ಲಿ ಇರುತ್ತದೆ. ಬಣ್ಣದ ಮೇಲೆ ಬಣ್ಣ ಬಳಿದು ಓದೋಕಾಗದಿದ್ದರೆ ಮೇಲೊಂದು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಅಕ್ಷರ ಮೂಡುತ್ತವೆ. ಆದರೆ 1880ರ ಹಳಿ ಸಿಕ್ಕಿತು ಅಂತ ಸ್ಟೇಷನ್ನೂ 1880ರದ್ದು ಅಂದುಕೊಂಡುಬಿಡಬೇಡಿ! ಒಂದು ಕಡೆ ಸವೆದ ಹಳಿಯನ್ನು ಕಿತ್ತು ಇನ್ನೊಂದು ಕಡೆ ಕಂಬ ಮಾಡುವುದು ರೈಲ್ವೆಯಲ್ಲಿ ಮಾಮೂಲು. ಆ ಕಂಬ ಅದಕ್ಕಿಂತ ಹಿಂದಿನದಲ್ಲ, ಅಷ್ಟೇ ಗೊತ್ತಾಗೋದು. ಚಾಲ್ತಿಯಲ್ಲಿರುವ ಹಳಿಯ ಮೇಲೆ ಮಾತ್ರ ಇಳಿಯಬೇಡಿ, ಅದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ.

ಕೊನೆಗೆ ರಿಟೈರಾದ ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್ (ರೈಲು ಹಳಿ ಬದಲಿಸುವಂತೆ ಮಾಡುವವರು), ಹಮಾಲಿ ಕೆಲಸ ಮಾಡಿದ ಹಿರಿಯರನ್ನು ಹುಡುಕಿ. 'ಸ್ಟೇಷನ್ ಯಾವಾಗ ಕಟ್ಟಿದ್ದು?' ಅಂತ ಕೇಳಿದರೆ ಅವರೂ ಬ್ರಿಟಿಷರ ಕಾಲಕ್ಕೇ ಹೋಗುತ್ತಾರೆ. ಅದರ ಬದಲು ಕಲ್ಲಿದ್ದಲಿನ ಇಂಜಿನ್ನಿಗೆ ನೀರು ಎಲ್ಲಿ ತುಂಬಿಸ್ತಿದ್ರಿ, ಗೂಡ್ಸ್ ಶೆಡ್ಡಿಂದ ಏನೇನು ಲೋಡ್ ಆಗ್ತಿತ್ತು, ಬ್ರಾಡ್ ಗೇಜ್ ಮಾಡೋಕೆ ರೈಲು ನಿಂತಾಗ ಊರಿನವರು ಹೇಗೆ ಓಡಾಡಿದ್ರು ಅಂತ ಕೇಳಿ. ತಾಳಗುಪ್ಪ ಕಡೆಯವರಾದರೆ ರೈಲ್‌ಬಸ್ (ಹಳಿ ಮೇಲೆ ಓಡುವ ಬಸ್ಸಿನಂಥ ಪುಟ್ಟ ರೈಲು) ವಿಷಯ ತೆಗೆಯಿರಿ ಸಾಕು. ಕೇಳಿಕೊಂಡು ರೆಕಾರ್ಡ್ ಮಾಡಿ, ಇಸವಿಗಳನ್ನು ಮಾತ್ರ ಆಮೇಲೆ ಗೆಜೆಟಿಯರ್ ಜೊತೆ ಹೋಲಿಸಿ ನೋಡಿ.