ಫ್ರೆಂಡ್ ಕಷ್ಟದಲ್ಲಿದ್ರೆ ಮೊದ್ಲು ಮನೆಗೆ ಹೋಗಿ, ಬೈಬಲ್ ವಚನ ಆಮೇಲೆ

ಎಲ್ರಿಗೂ ಪ್ರೈಸ್ ದ ಲಾರ್ಡ್. ಒಂದ್ ಸಣ್ಣ ಸಲಹೆ, ನಾನೇ ತಪ್ಪು ಮಾಡಿ ಕಲ್ತಿದ್ದು. ಹೋದ್ವರ್ಷ ನನ್ ಫ್ರೆಂಡ್ ಕೆಲ್ಸ ಹೋಯ್ತು, ನಂಗೊಬ್ಬನಿಗೇ ಹೇಳಿದ್ದ, ನಾನು ಒಳ್ಳೇ ಮನಸ್ಸಿಂದಾನೇ ಚರ್ಚ್ ವಾಟ್ಸಾಪ್ ಗ್ರೂಪಲ್ಲಿ "ಪ್ರಾರ್ಥನೆ ಮಾಡಿ" ಅಂತ ಅವನ ಹೆಸರು ಹಾಕ್ಬಿಟ್ಟೆ, ಸಂಜೆ ಹೊತ್ತಿಗೆ ಅವರತ್ತೆ ಮನೇವರ್ಗೂ ಸುದ್ದಿ. ಒಂದು ತಿಂಗಳು ಮಾತಾಡ್ಲಿಲ್ಲ ಅವ್ನು. ಸೋ ಕೇಳ್ದೇ ಯಾರ ವಿಷ್ಯಾನೂ ಪ್ರೇಯರ್ ರಿಕ್ವೆಸ್ಟ್ ಮಾಡ್ಬೇಡಿ, ಹೆಸರಿಲ್ದೇನೂ ಪ್ರಾರ್ಥನೆ ಮಾಡ್ಬೋದು, ದೇವ್ರಿಗೆ ಗೊತ್ತಿರುತ್ತೆ.

ಇನ್ನೊಂದು, ಬೈಬಲಲ್ಲಿ ಮಕ್ಳು, ಆಸ್ತಿ, ಆರೋಗ್ಯ ಎಲ್ಲಾ ಕಳ್ಕೊಂಡ ಯೋಬನ ಸ್ನೇಹಿತರನ್ನ ಎಲ್ರೂ ಬೈತೀವಿ, ಆದ್ರೆ ಮೊದಲ 7 ದಿನ 7 ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ರಲ್ಲ, ಅದು ಸರಿಯಾಗೇ ಇತ್ತು, ಬಾಯಿ ಬಿಟ್ಟು ಅವನದೇ ತಪ್ಪು ಅಂದ್ಮೇಲೆ ಕೆಟ್ಟಿದ್ದು. "ದೇವರ ಚಿತ್ತ ಕಣೋ" ಅಂತ ಬಾಗ್ಲಲ್ಲೇ ಶುರು ಮಾಡ್ಬೇಡಿ, ಒಂದ್ ಡಬ್ಬಿ ಪುಳಿಯೋಗರೆ ತಗೊಂಡ್ ಹೋಗಿ ಕೂತ್ಕೊಳ್ಳಿ ಸಾಕು. ದಾವೀದನ ಫ್ರೆಂಡ್ ಯೋನಾತಾನನೂ ಅಷ್ಟೇ, ತನ್ನಪ್ಪ ರಾಜ ಸೌಲನೇ ದಾವೀದನನ್ನ ಕೊಲ್ಲೋಕೆ ಹುಡುಕ್ತಿದ್ರೂ ಕಾಡಿಗೇ ಎದ್ದು ಹೋಗಿ ದೇವರಲ್ಲಿ ಧೈರ್ಯ ತುಂಬಿ ಬಂದ (1 ಸಮುವೇಲ 23:16).

ತಪ್ಪು ಮಾಡ್ತಿದ್ರೆ ಹೇಳ್ಲೇಬೇಕು, ಅದೂ ಸ್ನೇಹಾನೇ, ಆದ್ರೆ ಮತ್ತಾಯ 18:15 ಹೇಳೋ ಹಾಗೆ ಇಬ್ರೇ ಇರೋವಾಗ. ಪಾಸ್ಟರ್ ಹತ್ರ ಮೊದ್ಲೇ ಓಡ್ಬೇಡಿ. ನಾನಂತೂ ಈಗ ಟೀ ಅಂಗಡಿಗೆ ಕರ್ಕೊಂಡ್ ಹೋಗಿ, ಫೋನ್ ಜೇಬಲ್ಲಿಟ್ಟು ಮಾತಾಡ್ತೀನಿ.