ಮಳೆ ಲೆಕ್ಕ ಗ್ರಾಫಿಗೆ ಏರದೆ ಸತಾಯಿಸಿದರೆ

ಕಾಸರಗೋಡಿನ ಪೆರ್ಲದ ಹತ್ತಿರ ನನ್ನ ಅಕ್ಕನ ಮನೆ. ಭಾವನದು ಅಡಿಕೆ ತೋಟ. ಅಡಿಕೆ ಬೆಳೆಯುವವರಿಗೆ ಮಳೆಗಾಲ ಎಂದರೆ ಕೊಳೆರೋಗದ ಚಿಂತೆ. ಎಷ್ಟು ಮಳೆ ಬಂತು, ಯಾವಾಗ ಹೊಳವಾಯಿತು, ಮದ್ದು ಬಿಡಲು ಯಾವ ದಿನ ಸಿಕ್ಕಿತು ಎಂಬುದೆಲ್ಲ ಭಾವನ ಡೈರಿಯಲ್ಲಿದೆ. ಅಂಗಳದಲ್ಲಿ ಮಳೆಮಾಪಕ ಇಟ್ಟು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ. ಹವಾಮಾನ ಇಲಾಖೆಯವರ ದಿನದ ಲೆಕ್ಕವೂ ಬೆಳಿಗ್ಗೆ 8.30ಕ್ಕೇ ಮುಗಿಯುವುದು.

ಈ ಸಲ ಪ್ಲಸ್ ಟು ಓದುವ ಅಕ್ಕನ ಮಗಳು ಆ ಡೈರಿಯನ್ನು ಕಂಪ್ಯೂಟರಿಗೆ ಏರಿಸಿದಳು. ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆ ಅವಳಿಗೆ ಶಾಲೆಯಲ್ಲೇ ಗೊತ್ತಿತ್ತು. ಗ್ರಾಫ್ ಬರೆಯಲು ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿ, ಅಂದರೆ ಪೈಥಾನಿಗೆ ಸೇರಿಸಿಕೊಳ್ಳುವ ಸಿದ್ಧ ತಂತ್ರಾಂಶ, ಹಾಕಲು ಹೊರಟಳು. ಎರಡು ದಿನ ಕಳೆದ ಮೇಲೆ ನನಗೆ ಫೋನ್. "ಮಾವ, ಒಂದು ತಪ್ಪು ಸರಿ ಮಾಡಿದರೆ ಇನ್ನೊಂದು ಬರುತ್ತದೆ."

ಅವಳಿಗೆ ಬಂದ ತೊಂದರೆಗಳು ಹೆಚ್ಚುಕಡಿಮೆ ಎಲ್ಲರಿಗೂ ಬರುವಂಥವೇ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಜ್ಞೆಗಳನ್ನು ಓದುವ ಹಾಗೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಮೊದಲು ಒಳಗೆ ಬರಲಿ

ಕೆಂಪು ಅಕ್ಷರದ ಎರರ್ ಮೂವತ್ತು ಸಾಲು ಇದ್ದರೆ ಹೆದರಬೇಡಿ. ಪೈಥಾನ್ ವಿಷಯ ಹೇಳುವುದು ಕೊನೆಯ ಸಾಲಿನಲ್ಲಿ. ಮೇಲಿನದೆಲ್ಲ ಯಾವ ದಾರಿಯಲ್ಲಿ ಬಂದೆ ಎಂಬ ಪ್ರವರ. ಕೆಳಗಿನಿಂದ ಮೇಲಕ್ಕೆ ಓದಿ.

ಕೊನೆಯ ಸಾಲಿನಲ್ಲಿ ‘ನೋ ಮಾಡ್ಯೂಲ್ ನೇಮ್ಡ್ ಮ್ಯಾಟ್‌ಪ್ಲಾಟ್‌ಲಿಬ್’ ಎಂದಿದ್ದರೆ, ಮತ್ತು ನೀವು ಈಗಷ್ಟೇ ಅದನ್ನು ಹಾಕಿದ್ದರೆ, ನಿಮ್ಮ ಕಂಪ್ಯೂಟರಿನಲ್ಲಿ ಎರಡು ಪೈಥಾನ್ ಇರುವ ಸಾಧ್ಯತೆ ಜಾಸ್ತಿ. ಲೈಬ್ರರಿಗಳನ್ನು ತಂದು ಹಾಕುವ ಪಿಪ್ ಒಂದರ ಮನೆಗೆ ಸಾಮಾನು ಇಳಿಸಿದೆ, ಪ್ರೋಗ್ರಾಂ ಬರೆಯುವ ಎಡಿಟರ್ ಇನ್ನೊಂದರ ಮನೆಯಲ್ಲಿ ಹುಡುಕುತ್ತಿದೆ. ಎಡಿಟರಿನಲ್ಲಿ ‘ಇಂಪೋರ್ಟ್ ಸಿಸ್’ ಬರೆದು ‘ಸಿಸ್ ಡಾಟ್ ಎಕ್ಸಿಕ್ಯೂಟಬಲ್’ ಅನ್ನು ಪ್ರಿಂಟ್ ಮಾಡಿ. ಯಾವ ಪೈಥಾನ್ ಓಡುತ್ತಿದೆ ಎಂಬ ಪೂರ್ತಿ ವಿಳಾಸ ಸಿಗುತ್ತದೆ. ಅದೇ ವಿಳಾಸ ಕೊಟ್ಟು, ಮುಂದೆ ‘ಹೈಫನ್ ಎಂ ಪಿಪ್ ಇನ್‌ಸ್ಟಾಲ್ ಮ್ಯಾಟ್‌ಪ್ಲಾಟ್‌ಲಿಬ್’ ಎಂದು ಸೇರಿಸಿ. ಸುಮ್ನೆ ‘ಪಿಪ್ ಇನ್‌ಸ್ಟಾಲ್’ ಎಂದು ಹೊಡೆಯುವ ಅಭ್ಯಾಸವನ್ನೇ ಬಿಡುವುದು ಒಳ್ಳೆಯದು.

ಇನ್ನೊಂದು ತಮಾಷೆ. ಅಕ್ಕನ ಮಗಳು ತನ್ನ ಮೊದಲ ಫೈಲಿಗೆ ‘ಮ್ಯಾಟ್‌ಪ್ಲಾಟ್‌ಲಿಬ್ ಡಾಟ್ ಪಿವೈ’ ಎಂದೇ ಹೆಸರಿಟ್ಟಿದ್ದಳು. ಪೈಥಾನ್ ಮೊದಲು ಹುಡುಕುವುದು ಅದೇ ಫೋಲ್ಡರಿನಲ್ಲಿ. ಅಲ್ಲಿ ಸಿಕ್ಕಿದ ಅವಳ ಫೈಲನ್ನೇ ಲೈಬ್ರರಿ ಎಂದುಕೊಂಡು ಇಂಪೋರ್ಟ್ ಮಾಡಿತು. ಹೆಸರನ್ನು ‘ಮಳೆ’ ಎಂದು ಬದಲಿಸಿದ ಮೇಲೆ ಸರಿಯಾಯಿತು.

ಹೊಸ ಉಬುಂಟು ಲಿನಕ್ಸಿನಲ್ಲಿ, ಅಂದರೆ 23.04ರಿಂದ ಈಚೆಗೆ, ಪಿಪ್ ಬೇರೊಂದು ತಕರಾರು ಮಾಡುತ್ತದೆ. ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ನಿಂತುಬಿಡುತ್ತದೆ. ಸಿಸ್ಟಮ್ಮಿನ ಪೈಥಾನಿಗೆ ಕೈಹಾಕಬೇಡ, ನಿನ್ನದೇ ಕೋಣೆ ಮಾಡಿಕೋ ಎಂದು ಅರ್ಥ. ‘ಪೈಥಾನ್3 ಹೈಫನ್ ಎಂ ವೆನ್ವ್ ಮಳೆಕೋಣೆ’ ಎಂದು ಕೊಟ್ಟರೆ ಆ ಹೆಸರಿನ ಫೋಲ್ಡರ್ ಆಗುತ್ತದೆ. ಅದರೊಳಗಿನ ಪೈಥಾನನ್ನು ಬಳಸಿ ಬೇಕಾದ್ದು ಹಾಕಿಕೊಳ್ಳಿ. ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂದು ಸೇರಿಸಿ ಬಲವಂತ ಮಾಡುವ ದಾರಿಯೂ ಇದೆ. ಹೆಸರೇ ಹೇಳುವಂತೆ ಅದು ಮುರಿಯುವ ದಾರಿ, ನಾನು ಹೋಗುವುದಿಲ್ಲ.

ವಿಂಡೋಸಿನಲ್ಲಿ ‘ಮೈಕ್ರೋಸಾಫ್ಟ್ ವಿಷುವಲ್ ಸಿ ಪ್ಲಸ್ ಪ್ಲಸ್ 14.0 ಬೇಕು’ ಎಂದು ಬಂದರೆ ಅದನ್ನು ಇಳಿಸಲು ಓಡಬೇಡಿ. ಪಿಪ್ಪಿಗೆ ನಿಮ್ಮ ಪೈಥಾನಿಗೆ ಹೊಂದುವ ಸಿದ್ಧ ಪೊಟ್ಟಣ ಸಿಗಲಿಲ್ಲ, ಅದಕ್ಕೇ ಮೂಲದಿಂದ ಕಟ್ಟಲು ಹೊರಟಿದೆ. ಆ ಸಿದ್ಧ ಪೊಟ್ಟಣಕ್ಕೆ ವೀಲ್ ಎನ್ನುತ್ತಾರೆ. ಪೈಥಾನ್ ನಿನ್ನೆ ಮೊನ್ನೆ ಬಿಡುಗಡೆಯಾದದ್ದು, ತೀರಾ ಹಳೆಯದು ಅಥವಾ 32 ಬಿಟ್‌ನದ್ದು ಆಗಿದ್ದರೆ ಹೀಗಾಗುತ್ತದೆ. ಈಗಿನ ಹೊಸ ಆವೃತ್ತಿಗಿಂತ ಒಂದು ಮೆಟ್ಟಿಲು ಹಿಂದಿನ 64 ಬಿಟ್ ಪೈಥಾನ್ ಹಾಕಿದರೆ ಮುಗಿಯಿತು. ಮ್ಯಾಟ್‌ಪ್ಲಾಟ್‌ಲಿಬ್ 3.10ಕ್ಕೆ ಪೈಥಾನ್ 3.10 ಅಥವಾ ಅದರ ಮೇಲಿನದು ಬೇಕು. ಎರಡಕ್ಕೂ ಒಂದೇ ನಂಬರ್ ಆದದ್ದು ಕಾಕತಾಳೀಯ.

ಮ್ಯಾಟ್‌ಪ್ಲಾಟ್‌ಲಿಬ್ ಲೆಕ್ಕಕ್ಕೆ ನಂಪೈ ಎಂಬ ಇನ್ನೊಂದು ಲೈಬ್ರರಿಯನ್ನು ನೆಚ್ಚಿದೆ. ‘ನಂಪೈ 1ರಲ್ಲಿ ಕಟ್ಟಿದ್ದು ನಂಪೈ 2ರಲ್ಲಿ ಓಡದು’ ಎಂಬ ದೂರು ಬಂದರೆ ಮ್ಯಾಟ್‌ಪ್ಲಾಟ್‌ಲಿಬ್ ಹಳೆಯದು ಎಂದು ಅರ್ಥ. ನಂಪೈ 2 ಬಂದದ್ದು 2024ರ ಜೂನಿನಲ್ಲಿ. ‘ಇನ್‌ಸ್ಟಾಲ್ ಹೈಫನ್ ಯು’ (ಯು ದೊಡ್ಡ ಅಕ್ಷರದಲ್ಲಿ) ಕೊಟ್ಟು ಮ್ಯಾಟ್‌ಪ್ಲಾಟ್‌ಲಿಬ್ ಅನ್ನು ಹೊಸತು ಮಾಡಿ.

ನಮ್ಮ ಕಡೆ ಜೂನ್ ಜುಲೈಯಲ್ಲಿ ಕರೆಂಟು, ನೆಟ್ ಎರಡನ್ನೂ ನಂಬುವಂತಿಲ್ಲ. ಡೌನ್‌ಲೋಡ್ ಅರ್ಧಕ್ಕೆ ನಿಂತು ನಿಂತು ಸಾಕಾದರೆ ಒಂದು ಉಪಾಯ ಇದೆ. ಪೇಟೆಯಲ್ಲಿ ನೆಟ್ ಚೆನ್ನಾಗಿರುವ ಕಂಪ್ಯೂಟರಿನಲ್ಲಿ ‘ಪಿಪ್ ಡೌನ್‌ಲೋಡ್ ಮ್ಯಾಟ್‌ಪ್ಲಾಟ್‌ಲಿಬ್’ ಕೊಡಿ. ಜೊತೆಗೆ ಬೇಕಾದ ಎಲ್ಲ ಪೊಟ್ಟಣಗಳೂ ಫೋಲ್ಡರಿಗೆ ಬಂದು ಬೀಳುತ್ತವೆ. ಪೆನ್‌ಡ್ರೈವಿನಲ್ಲಿ ಮನೆಗೆ ತನ್ನಿ. ಇಲ್ಲಿ ಇನ್‌ಸ್ಟಾಲ್ ಮಾಡುವಾಗ ‘ನೋ ಇಂಡೆಕ್ಸ್’ ಮತ್ತು ‘ಫೈಂಡ್ ಲಿಂಕ್ಸ್’ ಸೇರಿಸಿ ಆ ಫೋಲ್ಡರಿನ ಹೆಸರು ಕೊಡಿ. ಎರಡೂ ಕಡೆ ಒಂದೇ ಬಗೆಯ ಆಪರೇಟಿಂಗ್ ಸಿಸ್ಟಮ್, ಒಂದೇ ಪೈಥಾನ್ ಆವೃತ್ತಿ ಇರಬೇಕು, ಅದೊಂದು ನೆನಪಿರಲಿ.

ಎಲ್ಲ ಆಯಿತು, ಪ್ರೋಗ್ರಾಂ ಓಡಿತು, ಆದರೆ ಚಿತ್ರ ಕಾಣುವುದೇ ಇಲ್ಲ. ‘ಫಿಗರ್ ಕ್ಯಾನ್ವಾಸ್ ಆಗ್ ನಾನ್ ಇಂಟರಾಕ್ಟಿವ್’ ಎಂದೊಂದು ಎಚ್ಚರಿಕೆ ಮಾತ್ರ ಇದೆ. ನಮ್ಮ ಶಾಲೆಗಳಲ್ಲಿ ಇರುವುದು ಕೇರಳ ಸರಕಾರದ ಕೈಟ್ ಸಂಸ್ಥೆ ಕೊಟ್ಟ ಉಬುಂಟು ಆಧಾರಿತ ಲಿನಕ್ಸ್. ಉಬುಂಟುವಿನಲ್ಲಿ ಕಿಟಕಿ ತೆರೆದು ತೋರಿಸುವ ಟಿಕೆ ಎಂಬ ಭಾಗ ಬೇರೆಯಾಗಿ ಬರುತ್ತದೆ. ಅದು ಇಲ್ಲದಿದ್ದರೆ ಹೀಗಾಗುತ್ತದೆ. ‘ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3 ಹೈಫನ್ ಟಿಕೆ’ ಎಂದರೆ ಸರಿಹೋಗುತ್ತದೆ. ಲ್ಯಾಬಿನ ಪಾಸ್‌ವರ್ಡ್ ನಿಮ್ಮ ಹತ್ತಿರ ಇಲ್ಲವೆ? ಹಾಗಾದರೆ ‘ಶೋ’ ಬಿಡಿ, ‘ಸೇವ್‌ಫಿಗ್’ ಕೊಟ್ಟು ಚಿತ್ರವನ್ನು ಫೈಲಾಗಿ ಉಳಿಸಿ ನೋಡಿ. ಎರಡನ್ನೂ ಬರೆಯುವುದಾದರೆ ‘ಸೇವ್‌ಫಿಗ್’ ಮೊದಲು, ‘ಶೋ’ ಆಮೇಲೆ. ತಿರುಗುಮುರುಗಾದರೆ ಬಿಳಿ ಹಾಳೆ ಸಿಗುತ್ತದೆ.

ಒಂದು ‘ಹನಿ’ ಮಾಡಿದ ಎಡವಟ್ಟು

ಅವಳ ಮೊದಲ ಗ್ರಾಫ್ ನೋಡಿ ನಾನೂ ತಲೆ ಕೆರೆದುಕೊಂಡೆ. ಎಡಗಡೆಯ ಅಳತೆಯಲ್ಲಿ 12ರ ಮೇಲೆ 140, ಅದರ ಮೇಲೆ 8, ಅದರ ಮೇಲೆ 63. ಕೆಳಗೆ ತಾರೀಕುಗಳೆಲ್ಲ ಒಂದರ ಮೇಲೊಂದು ಬಿದ್ದು ಕಾಡಿಗೆ ಬಳಿದ ಹಾಗೆ ಆಗಿತ್ತು. ಇದು ಲೇಔಟಿನ ತಪ್ಪು ಎಂದು ಅವಳು ಅಕ್ಷರ ಸಣ್ಣ ಮಾಡುತ್ತಾ, ಓರೆ ಮಾಡುತ್ತಾ ಒಂದು ಸಂಜೆ ಕಳೆದಿದ್ದಳು.

ತಪ್ಪು ಲೇಔಟಿನದಲ್ಲ. ಅಳೆಯಲು ಸಿಗದಷ್ಟು ಕಡಿಮೆ ಮಳೆ ಬಂದ ದಿನ ಭಾವ ಡೈರಿಯಲ್ಲಿ ‘ಹನಿ’ ಎಂದು ಬರೆಯುತ್ತಾರೆ. ಅವಳು ಅದನ್ನು ಹಾಗೆಯೇ ಟೈಪ್ ಮಾಡಿದ್ದಳು. ಒಂದು ಕಾಲಮಿನಲ್ಲಿ ಒಂದೇ ಒಂದು ಪದ ಸೇರಿದರೂ ಕೋಷ್ಟಕಗಳನ್ನು ಓದುವ ಪಾಂಡಾಸ್ ಎಂಬ ಲೈಬ್ರರಿ ಇಡೀ ಕಾಲಮನ್ನು ಅಕ್ಷರ ಎಂದು ಓದುತ್ತದೆ. ಅಕ್ಷರಗಳಿಗೆ ದೊಡ್ಡದು ಚಿಕ್ಕದು ಎಂದಿಲ್ಲ. ಹಾಗಾಗಿ ಮ್ಯಾಟ್‌ಪ್ಲಾಟ್‌ಲಿಬ್ ಅವನ್ನು ಬಂದ ಸಾಲಿನಲ್ಲೇ ನಿಲ್ಲಿಸಿತು. ತಾರೀಕಿನ ಕತೆಯೂ ಅದೇ. 365 ತಾರೀಕು ಅಕ್ಷರವಾಗಿ ಬಂದರೆ 365 ಹೆಸರನ್ನೂ ಬರೆದೇ ತೀರುತ್ತದೆ.

ಮೊದಲು ‘ಹನಿ’ ಇರುವಲ್ಲಿ ಸೊನ್ನೆ ಹಾಕಿ. ಆಮೇಲೆ ಮಳೆಯ ಕಾಲಮಿಗೆ ‘ಟು ನ್ಯೂಮರಿಕ್’, ತಾರೀಕಿಗೆ ‘ಟು ಡೇಟ್‌ಟೈಮ್’ ಕೊಡಿ. ನಾವು ದಿನವನ್ನು ಮೊದಲು ಬರೆಯುವವರು, ಅದಕ್ಕೆ ‘ಡೇ ಫಸ್ಟ್’ ಅನ್ನು ‘ಟ್ರೂ’ ಮಾಡಲು ಮರೆಯಬೇಡಿ. ಇಲ್ಲದಿದ್ದರೆ ಜೂನ್ 5ರ ಮಳೆ ಮೇ 6ಕ್ಕೆ ಹೋಗಿ ಸುರಿಯುತ್ತದೆ. ಇಷ್ಟು ಮಾಡಿದ ಮೇಲೆ ಲೈಬ್ರರಿ ತಾನಾಗಿಯೇ ತಿಂಗಳುಗಳನ್ನು ಆರಿಸಿ ಅಂತರ ಬಿಟ್ಟು ಬರೆಯುತ್ತದೆ. ಇನ್ನೂ ಇಕ್ಕಟ್ಟಾದರೆ ‘ಆಟೋ ಎಫ್‌ಎಂಟಿ ಎಕ್ಸ್‌ಡೇಟ್’ ಕರೆಯಿರಿ.

ಮೊದಲು ಕಾಗದ, ಆಮೇಲೆ ಅಕ್ಷರ

ಮ್ಯಾಟ್‌ಪ್ಲಾಟ್‌ಲಿಬ್ ಚಿತ್ರವನ್ನು ಒಂದು ಕಾಗದ ಎಂದೇ ಎಣಿಸುತ್ತದೆ. ಇದನ್ನು ಬರೆದ ಜಾನ್ ಹಂಟರ್ ನರವಿಜ್ಞಾನಿ. ಮೂರ್ಛೆರೋಗಿಗಳ ಮೆದುಳಿನ ವಿದ್ಯುತ್ ಅಲೆಗಳನ್ನು ನೋಡಲು ಮಾಡಿಕೊಂಡದ್ದನ್ನು 2003ರಲ್ಲಿ ಎಲ್ಲರಿಗೂ ಕೊಟ್ಟರು. ಪ್ರಬಂಧದಲ್ಲಿ ಅಚ್ಚಾಗುವ ಚಿತ್ರಗಳ ಲೆಕ್ಕ ಇಂದಿಗೂ ಅದರಲ್ಲಿ ಉಳಿದಿದೆ. ನೀವು ಏನೂ ಹೇಳದಿದ್ದರೆ ಕಾಗದದ ಅಳತೆ 6.4 ಇಂಚು ಅಗಲ, 4.8 ಇಂಚು ಎತ್ತರ. ಇಂಚಿಗೆ 100 ಚುಕ್ಕಿ. ಅಕ್ಷರ 10 ಪಾಯಿಂಟ್.

ಜಾಗ ಸಾಲದು ಎಂದು ಎಲ್ಲರೂ ಮಾಡುವುದು ಕಾಗದವನ್ನು 15 ಇಂಚಿಗೆ ಹಿಗ್ಗಿಸುವುದು. ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಆರಿಂಚಿನ ಪುಟಕ್ಕೆ ಅಂಟಿಸಿದರೆ 10 ಪಾಯಿಂಟಿನ ಅಕ್ಷರ 4 ಪಾಯಿಂಟಿಗೆ ಇಳಿಯುತ್ತದೆ. ಓದಲು ಭೂತಗನ್ನಡಿ ಬೇಕು. ಅದಕ್ಕೇ ಮೊದಲು ಪುಟದಲ್ಲಿ ಎಷ್ಟು ಜಾಗ ಇದೆ ಅಳೆಯಿರಿ. ಆ ಅಳತೆಯನ್ನೇ ‘ಫಿಗ್‌ಸೈಜ್’ ಎಂದು ಕೊಡಿ. ಮುದ್ರಣ ಚೊಕ್ಕವಾಗಿ ಬರಲು ‘ಡಿಪಿಐ’ ಅನ್ನು 300 ಮಾಡಿ. ಅದರಿಂದ ಜೋಡಣೆ ಕದಲುವುದಿಲ್ಲ, ಚುಕ್ಕಿ ಮಾತ್ರ ಹೆಚ್ಚುತ್ತದೆ.

ಹನ್ನೆರಡು ತಿಂಗಳಿಗೆ ಹನ್ನೆರಡು ಸಣ್ಣ ಗ್ರಾಫ್ ಇಟ್ಟಾಗ ಒಂದರ ತಲೆಬರಹ ಮೇಲಿನದರ ಕಾಲಿಗೆ ತಾಗುತ್ತದೆ. ಇದಕ್ಕೆ ‘ಸಬ್‌ಪ್ಲಾಟ್ಸ್’ ಬರೆಯುವಾಗಲೇ ‘ಲೇಔಟ್’ ಎಂಬಲ್ಲಿ ‘ಕನ್‌ಸ್ಟ್ರೈನ್ಡ್’ ಎಂದು ಕೊಡಿ. ಹಳಬರು ‘ಟೈಟ್ ಲೇಔಟ್’ ಬಳಸುತ್ತಾರೆ. ಅದು ಕರೆದಾಗ ಒಮ್ಮೆ ಸರಿಪಡಿಸಿ ಸುಮ್ಮನಾಗುತ್ತದೆ, ಆಮೇಲೆ ನೀವು ಸೇರಿಸಿದ್ದು ಅದಕ್ಕೆ ಗೊತ್ತಾಗದು. ‘ಕನ್‌ಸ್ಟ್ರೈನ್ಡ್’ ಪ್ರತಿ ಸಲ ಬಿಡಿಸುವಾಗಲೂ ಜಾಗ ಹೊಂದಿಸುತ್ತದೆ. ಅದರ ಜೊತೆ ‘ಸಬ್‌ಪ್ಲಾಟ್ಸ್ ಅಡ್ಜಸ್ಟ್’ ಬೇಡ, ಎರಡು ಅಡಿಗೆಯವರಿಗೆ ಒಂದೇ ಸೌಟು ಕೊಟ್ಟ ಹಾಗಾಗುತ್ತದೆ. ‘ಶೇರ್‌ವೈ’ ಅನ್ನು ‘ಟ್ರೂ’ ಮಾಡಿ. ಜುಲೈಗೂ ಜನವರಿಗೂ ಒಂದೇ ಅಳತೆ ಸಿಗುತ್ತದೆ. ಇಲ್ಲದಿದ್ದರೆ ಜನವರಿಯ ಒಂದು ತುಂತುರು ಜುಲೈಯ ಜಡಿಮಳೆಯಷ್ಟೇ ಎತ್ತರ ಕಾಣುತ್ತದೆ.

ಅಂಚಿನಲ್ಲಿ ಅಕ್ಷರ ಕತ್ತರಿಸಿ ಹೋದರೆ ‘ಬಿಬಾಕ್ಸ್ ಇಂಚಸ್ ಟೈಟ್’ ಎಂದು ಉಳಿಸುವ ಉಪಾಯ ಬಹಳ ಜನಕ್ಕೆ ಗೊತ್ತು. ಪರವಾಗಿಲ್ಲ, ಆದರೆ ಅದು ಕಾಗದದ ಅಳತೆಯನ್ನೇ ಬದಲಿಸುತ್ತದೆ. ಅಳೆದು ಕೊಟ್ಟ ಇಂಚು ವ್ಯರ್ಥ.

ಇನ್ನು ಅಜ್ಜಿ. ಅವರಿಗೆ ತುಳು ತಿಂಗಳಲ್ಲೇ ಲೆಕ್ಕ ಬೇಕು. ಕಾರ್ತೆಲ್, ಆಟಿ, ಸೋಣ ಎಂದರೆ ಮಾತ್ರ ಮಳೆ ಅರ್ಥವಾಗುವುದು. ಅವು ಸಂಕ್ರಮಣದಿಂದ ಸಂಕ್ರಮಣಕ್ಕೆ, ಹಾಗಾಗಿ ಒಟ್ಟು ಮೊತ್ತ ಬೇರೆಯೇ ಕೂಡಬೇಕಾಯಿತು. ಹೆಸರು ಉದ್ದ, ಕೆಳಗೆ ಹಿಡಿಸಲಿಲ್ಲ. ಅಕ್ಷರವನ್ನು ಅಡ್ಡ ಮಲಗಿಸಿ ಕತ್ತು ಓರೆ ಮಾಡಿ ಓದುವುದಕ್ಕಿಂತ ಕಂಬವನ್ನೇ ಮಲಗಿಸುವುದು ಮೇಲು. ‘ಬಾರ್’ ಬದಲು ‘ಬಾರ್‌ಎಚ್’. ಅದು ಕೆಳಗಿನಿಂದ ಮೇಲೆ ಜೋಡಿಸುತ್ತದೆ, ವರ್ಷದ ಮೊದಲ ತಿಂಗಳಾದ ಪಗ್ಗು ಮೇಲೆ ಬರಬೇಕಾದರೆ ‘ಇನ್ವರ್ಟ್ ವೈ ಆಕ್ಸಿಸ್’ ಕರೆಯಿರಿ.

ಕನ್ನಡ ಬರೆದರೆ ಚೌಕ

ಕನ್ನಡದ ಹೆಸರು ಕೊಟ್ಟ ಕೂಡಲೇ ಚಿತ್ರದಲ್ಲಿ ಬರೀ ಚೌಕಗಳು ಬಂದವು. ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ಬರುವ ಡೆಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡ ಇಲ್ಲ. ‘ಗ್ಲಿಫ್ 3221 ಮಿಸ್ಸಿಂಗ್’ ಎಂದು ಎಚ್ಚರಿಕೆ ಬರುತ್ತದೆ. ಈ ನಂಬರ್ ಕೆಲಸಕ್ಕೆ ಬರುತ್ತದೆ. ಯೂನಿಕೋಡಿನಲ್ಲಿ 3200ರಿಂದ 3327ರವರೆಗೆ ಕನ್ನಡ, 3328ರಿಂದ 3455ರವರೆಗೆ ಮಲಯಾಳ. 3221 ಎಂದರೆ ನಮ್ಮ ‘ಕ’. ಕಾಸರಗೋಡಿನಲ್ಲಿ ಎರಡೂ ಲಿಪಿ ಒಂದೇ ಚಿತ್ರದಲ್ಲಿ ಬೇಕಾಗುವುದುಂಟು. ಯಾವ ಫಾಂಟ್ ಕೊರತೆ ಎಂದು ನಂಬರ್ ನೋಡಿಯೇ ಹೇಳಬಹುದು.

‘ಫಾಂಟ್ ಫ್ಯಾಮಿಲಿ’ಗೆ ಒಂದು ಪಟ್ಟಿ ಕೊಡಿ. ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸ್ಯಾನ್ಸ್ ಮಲಯಾಳಂ, ಕೊನೆಗೆ ಡೆಜಾವು ಸ್ಯಾನ್ಸ್. ಒಂದರಲ್ಲಿ ಇಲ್ಲದ್ದನ್ನು ಮುಂದಿನದರಲ್ಲಿ ಹುಡುಕುವ ಬುದ್ಧಿ 3.6ನೇ ಆವೃತ್ತಿಯಿಂದ ಬಂದಿದೆ. ವಿಂಡೋಸಿನಲ್ಲಿ ನಿರ್ಮಲಾ ಯುಐ ಒಂದೇ ಸಾಕು. ಈಗಷ್ಟೇ ಹಾಕಿದ ಫಾಂಟ್ ಸಿಗದಿದ್ದರೆ ‘ಗೆಟ್ ಕ್ಯಾಶ್‌ಡಿರ್’ ತೋರಿಸುವ ಫೋಲ್ಡರಿನ ಫಾಂಟ್ ಪಟ್ಟಿಯನ್ನು ಅಳಿಸಿ ಮತ್ತೆ ಓಡಿಸಿ.

ಚೌಕ ಹೋಯಿತು. ಅಷ್ಟರಲ್ಲಿ ಭಾವ ಹಿಂದೆ ಬಂದು ನಿಂತಿದ್ದರು. "ಇದೆಂತ ಮಾರಾಯ, ಅಕ್ಷರ ಎಲ್ಲ ಹಲ್ಲು ಉದುರಿದ ಹಾಗೆ!"

ಹೌದು, ‘ಅಕ್ಟೋಬರ್’ನ ಒತ್ತು ಬಿಡಿಬಿಡಿಯಾಗಿತ್ತು. ‘ಮಳೆ’ಯ ಎತ್ವವೂ ಬೇರೆಯಾಗಿ ಪಕ್ಕಕ್ಕೆ ಕೂತಿತ್ತು. ಒತ್ತು, ಗುಣಿತ ಕೂಡಿಸುವ ಕೆಲಸ ಫಾಂಟ್ ಒಂದರಿಂದ ಆಗುವುದಲ್ಲ. ಬರೆಯುವ ತಂತ್ರಾಂಶಕ್ಕೂ ಅದು ಗೊತ್ತಿರಬೇಕು. ನಾನು ಬಳಸುವ 3.10ಕ್ಕೆ ಗೊತ್ತಿಲ್ಲ.

ಹಾಗಾಗಿ ಅಕ್ಷರ ಬರೆಯುವ ಕೆಲಸವನ್ನು ಬಲ್ಲವರಿಗೆ ಬಿಟ್ಟೆವು. ಸೆಟ್ಟಿಂಗುಗಳ ಪಟ್ಟಿಯಾದ ‘ಆರ್‌ಸಿ ಪ್ಯಾರಮ್ಸ್’ನಲ್ಲಿ ‘ಎಸ್‌ವಿಜಿ ಡಾಟ್ ಫಾಂಟ್‌ಟೈಪ್’ ಅನ್ನು ‘ನನ್’ ಎಂದು ಮಾಡಿ. ಅದು ಉದ್ಧರಣ ಚಿಹ್ನೆಯೊಳಗೆ, ಸಣ್ಣ ಅಕ್ಷರದಲ್ಲೇ ಇರಲಿ. ಚಿತ್ರವನ್ನು ಚುಕ್ಕಿಗಳ ಬದಲು ಗೆರೆ, ಪದಗಳಾಗಿ ಬರೆದಿಡುವ ಎಸ್‌ವಿಜಿ ಫೈಲಾಗಿ ಉಳಿಸಿ. ಆಗ ಮ್ಯಾಟ್‌ಪ್ಲಾಟ್‌ಲಿಬ್ ಅಕ್ಷರದ ಆಕಾರ ಬಿಡಿಸುವುದಿಲ್ಲ, ಪದವನ್ನು ಪದವಾಗಿಯೇ ಬಿಡುತ್ತದೆ. ಆ ಫೈಲನ್ನು ಫೈರ್‌ಫಾಕ್ಸಿನಲ್ಲಿ ತೆರೆದರೆ ಒತ್ತಕ್ಷರ, ಗುಣಿತ ಎಲ್ಲ ಸ್ವಸ್ಥಾನದಲ್ಲಿ. ಪದದ ಅಗಲ ಮಾತ್ರ ಮ್ಯಾಟ್‌ಪ್ಲಾಟ್‌ಲಿಬ್ ಅಂದಾಜು ಮಾಡಿದ್ದಕ್ಕಿಂತ ತುಸು ಬೇರೆ ಆಗಬಹುದು, ಅಂಚಿನಲ್ಲಿ ಸ್ವಲ್ಪ ಜಾಗ ಹೆಚ್ಚು ಬಿಡಿ. ಎಸ್‌ವಿಜಿಯನ್ನು ಹಾಗೆಯೇ ಶಾಲೆಗೆ ಒಯ್ಯಬೇಡಿ. ಅಲ್ಲಿನ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಬೇರೆ ಅಕ್ಷರ ಬಂದು ಕೂರುತ್ತದೆ. ಮನೆಯಲ್ಲೇ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತೆರೆದು ಪಿಡಿಎಫ್ ಮಾಡಿ, ಅದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ.