ಷೆಂಗೆನ್ ವೀಸಾ ಫೈಲ್ ನಾನೇ ರೆಡಿ ಮಾಡ್ಕೊಂಡಿದ್ದು: ನನ್ನ ಅನುಭವ

ಯುರೋಪ್ ಟ್ರಿಪ್ಪಿನ ವೀಸಾ ಕೆಲಸ ಏಜೆಂಟ್ ಕೈಗೆ ಕೊಡದೆ ನಾನೇ ಮಾಡ್ಕೊಂಡೆ, ನಂದೂ ಅಪ್ಪ ಅಮ್ಮಂದೂ. ಅವತ್ತಿಂದ ಪರಿಚಯದವರು ಯಾರು ಯುರೋಪಿಗೆ ಹೊರಟ್ರೂ ಕೇಳೋದು ಒಂದೇ, ಡಾಕ್ಯುಮೆಂಟ್ ಲಿಸ್ಟ್ ಕಳ್ಸು ಅಂತ. ಲಿಸ್ಟ್ ಕಳಿಸ್ತೀನಿ, ಆದ್ರೆ ಅದಕ್ಕಿಂತ ಮುಂಚೆ ಒಂದು ವಿಷಯ ಹೇಳ್ತೀನಿ. ನಮ್ಮನ್ನ ಚೆಕ್ ಮಾಡೋರು ಮೂರು ಕಡೆ ಇರ್ತಾರೆ. ಅರ್ಜಿ ನೋಡೋ ಕಾನ್ಸುಲೇಟ್, ಚೆಕ್-ಇನ್ ಕೌಂಟರಲ್ಲಿರೋ ಏರ್‌ಲೈನ್ ಸ್ಟಾಫ್, ಇಳಿದ್ಮೇಲೆ ಬಾರ್ಡರ್ ಆಫೀಸರ್. ಮೂರೂ ಜನ ನೋಡೋದು ಬೇರೆ ಬೇರೆ, ಕೇಳೋ ಪ್ರಶ್ನೆನೂ ಬೇರೆ. ಇದು ತಲೇಲಿದ್ರೆ ಯಾವ ಪೇಪರ್ ಯಾಕೆ ಬೇಕು ಅಂತ ತಾನಾಗೇ ಅರ್ಥ ಆಗ್ತಾ ಹೋಗತ್ತೆ.

ಮೊದ್ಲು ನೋಡ್ಬೇಕಾದ್ದು ಯಾವ ದೇಶಕ್ಕೆ ಅರ್ಜಿ ಹಾಕ್ಬೇಕು ಅನ್ನೋದು. ಷೆಂಗೆನ್ ಅಂದ್ರೆ ಈಗ 29 ದೇಶ, ಒಂದೇ ವೀಸಾ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಯೂನಿಯನ್ನಲ್ಲಿ ಇಲ್ಲ ಆದ್ರೆ ಷೆಂಗೆನ್ನಲ್ಲಿದೆ, ಐರ್ಲೆಂಡ್ ಯೂನಿಯನ್ನಲ್ಲಿದೆ ಆದ್ರೆ ಷೆಂಗೆನ್ನಲ್ಲಿ ಇಲ್ಲ, ಬ್ರಿಟನ್ ಎರಡರಲ್ಲೂ ಇಲ್ಲ. ಕ್ರೊಯೇಷಿಯಾ 2023ರಲ್ಲಿ ಸೇರ್ಕೊಂಡಿದೆ, ರೊಮೇನಿಯಾ ಬಲ್ಗೇರಿಯಾ 2025ರ ಜನವರಿ 1ರಿಂದ ಪೂರ್ತಿ ಒಳಗೆ ಬಂದಿವೆ, ಹಾಗಾಗಿ ಹಳೇ ಮ್ಯಾಪ್ ನೋಡ್ಕೊಂಡು ಪ್ಲಾನ್ ಮಾಡ್ಬೇಡಿ. ರೂಲ್ ಏನಂದ್ರೆ ಎಲ್ಲಿ ಜಾಸ್ತಿ ದಿನ ಇರ್ತೀರೋ ಆ ದೇಶಕ್ಕೆ ಹಾಕ್ಬೇಕು, ದಿನಗಳು ಸಮ ಇದ್ರೆ ಮೊದ್ಲು ಎಲ್ಲಿಂದ ಒಳಗೆ ಹೋಗ್ತೀರೋ ಆ ದೇಶಕ್ಕೆ. ಇಟಲಿ 4 ದಿನ, ಫ್ರಾನ್ಸ್ 6, ಸ್ವಿಟ್ಜರ್ಲೆಂಡ್ 3 ಅಂದ್ರೆ ಅರ್ಜಿ ಫ್ರಾನ್ಸಿಗೆ, ವಿಮಾನ ಮಿಲಾನಲ್ಲಿ ಇಳಿದ್ರೂ ಪರವಾಗಿಲ್ಲ. ವೀಸಾ ಕೊಟ್ಟ ದೇಶಕ್ಕೇ ಮೊದ್ಲು ಕಾಲಿಡ್ಬೇಕು ಅಂತ ತುಂಬಾ ಜನ ಹೇಳ್ತಾರೆ, ಅಂಥ ನಿಯಮ ಇಲ್ಲ. ಆದ್ರೆ ಅಪಾಯಿಂಟ್ಮೆಂಟ್ ಬೇಗ ಸಿಗತ್ತೆ ಅಂತ ಯಾವುದೋ ದೇಶಕ್ಕೆ ಅರ್ಜಿ ಹಾಕಿ ಆ ಕಡೆ ತಲೆನೇ ಹಾಕ್ದೆ ಬರೋದಿದ್ಯಲ್ಲ, ಅದು ನಂಗೆ ಒಪ್ಪಿಗೆ ಇಲ್ಲ, ಬಾರ್ಡರಲ್ಲಿ ಪ್ರಶ್ನೆ ಬಂದ್ರೆ ಉತ್ತರ ಇರಲ್ಲ.

ಟೈಮ್ ವಿಷ್ಯ ಸಣ್ಣದು. ಹೊರಡೋದಕ್ಕೆ 6 ತಿಂಗಳಿಗಿಂತ ಮುಂಚೆ ಅರ್ಜಿ ತಗೊಳಲ್ಲ, 15 ದಿನಕ್ಕಿಂತ ತಡ ಮಾಡೋ ಹಾಗಿಲ್ಲ. ನಿರ್ಧಾರಕ್ಕೆ ಮಾಮೂಲಾಗಿ 15 ದಿನ, ಕೆಲವು ಕೇಸಲ್ಲಿ 45ರವರೆಗೂ ಎಳೀಬಹುದು. ಬೇಸಿಗೆ ಸೀಸನ್ನಲ್ಲಿ ಅಪಾಯಿಂಟ್ಮೆಂಟೇ ಸಿಗಲ್ಲ, ಅದಕ್ಕೆ ನಾನು ಸುಮಾರು ಮೂರು ತಿಂಗಳ ಮುಂಚೆನೇ ಶುರು ಮಾಡಿದ್ದು. ಫೀಸು 2024ರ ಜೂನ್ 11ರಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ತಗೊಳೋ ಸೆಂಟರಿನ ಸರ್ವಿಸ್ ಚಾರ್ಜ್ ಬೇರೆ. ವೀಸಾ ರಿಜೆಕ್ಟ್ ಆದ್ರೂ ಫೀಸು ವಾಪಸ್ ಬರಲ್ಲ.

ಪಾಸ್‌ಪೋರ್ಟಿಗೆ ಮೂರು ಷರತ್ತು. ಕೊಟ್ಟು 10 ವರ್ಷ ದಾಟಿರ್ಬಾರ್ದು, ಷೆಂಗೆನ್ನಿಂದ ಹೊರಗೆ ಬರೋ ದಿನದ ನಂತರ ಇನ್ನೂ 3 ತಿಂಗಳು ವ್ಯಾಲಿಡಿಟಿ ಇರ್ಬೇಕು, ಎರಡು ಪೇಜಾದ್ರೂ ಖಾಲಿ ಇರ್ಬೇಕು. ಎಲ್ಲರ ಬಾಯಲ್ಲೂ 6 ತಿಂಗಳು ಅಂತಿರತ್ತೆ, ಅದು ಬೇರೆ ಸುಮಾರು ದೇಶಗಳ ರೂಲು, ಇಲ್ಲಿ 3. ಆದ್ರೂ ಅಮ್ಮನ ಪಾಸ್‌ಪೋರ್ಟಲ್ಲಿ ಉಳಿದಿದ್ದು ಕಮ್ಮಿ ಅಂತ ಮೊದ್ಲೇ ರಿನ್ಯೂ ಮಾಡಿಸ್ಬಿಟ್ಟೆ, ಯಾಕಂದ್ರೆ ಟ್ರಿಪ್ ಒಂದು ವಾರ ಮುಂದಕ್ಕೆ ಹೋದ್ರೂ ಲೆಕ್ಕ ತಪ್ಪಬಾರ್ದು ಅಂತ.

ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರ್ ಇರ್ಬೇಕು, ಎಲ್ಲಾ ಷೆಂಗೆನ್ ದೇಶಕ್ಕೂ ಅನ್ವಯ ಆಗ್ಬೇಕು, ಇರೋ ಅಷ್ಟೂ ದಿನಕ್ಕೆ ಇರ್ಬೇಕು, ತುರ್ತು ಚಿಕಿತ್ಸೆ ಆಸ್ಪತ್ರೆ ಜೊತೆಗೆ ವೈದ್ಯಕೀಯ ಕಾರಣಕ್ಕೆ ಅಥವಾ ಸಾವಾದ್ರೆ ವಾಪಸ್ ಕಳ್ಸೋ ಖರ್ಚೂ ಸೇರಿರ್ಬೇಕು. ವಯಸ್ಸಾದವರಿಗೆ ಪಾಲಿಸಿ ತಗೊಳೋವಾಗ ಮುಂಚಿನಿಂದ ಇರೋ ಕಾಯಿಲೆಗಳ ಬಗ್ಗೆ ಏನು ಬರ್ದಿದಾರೆ ಅಂತ ಪೂರ್ತಿ ಓದಿ, ಇದು ವೀಸಾಗೋಸ್ಕರ ಹೇಳ್ತಿಲ್ಲ, ನಿಮಗೋಸ್ಕರ.

ಈಗ ಕಾನ್ಸುಲೇಟ್ ನಿಜವಾಗಿ ಏನು ನೋಡತ್ತೆ ಅನ್ನೋದಕ್ಕೆ ಬರ್ತೀನಿ. ನಾನು ಮಾಡಿದ ಕೆಲಸ ಏನಂದ್ರೆ ವೀಸಾ ತಿರಸ್ಕಾರದ ಫಾರ್ಮ್ ಹುಡುಕಿ ಓದಿದ್ದು. ಎಲ್ಲಾ ಷೆಂಗೆನ್ ದೇಶಗಳೂ ಒಂದೇ ಫಾರ್ಮ್ ಬಳಸ್ತವೆ, ಕಾರಣಗಳೆಲ್ಲ ಅದರಲ್ಲೇ ಅಚ್ಚಾಗಿರತ್ತೆ, ಅವ್ರು ಟಿಕ್ ಮಾಡಿ ಕೊಡ್ತಾರೆ. ಪ್ರವಾಸದ ಉದ್ದೇಶಕ್ಕೆ ಸರಿಯಾದ ಆಧಾರ ಇಲ್ಲ, ಖರ್ಚಿಗೆ ದುಡ್ಡಿರೋದು ಸಾಬೀತಾಗಿಲ್ಲ, ಕೊಟ್ಟ ಮಾಹಿತಿ ನಂಬೋ ಹಾಗಿಲ್ಲ, ವೀಸಾ ಮುಗಿಯೋ ಮುಂಚೆ ವಾಪಸ್ ಹೋಗ್ತಾರೆ ಅನ್ನೋದ್ರ ಬಗ್ಗೆ ಅನುಮಾನ ಇದೆ, ಹೀಗೆ. ಈ ಒಂದೊಂದು ಕಾರಣಕ್ಕೂ ನನ್ನ ಫೈಲಲ್ಲಿ ಯಾವ ಪೇಪರ್ ಉತ್ತರ ಕೊಡತ್ತೆ ಅಂತ ಎದುರಿಗೆ ಬರ್ಕೊಂಡೆ, ಅಲ್ಲಿಗೆ ಡಾಕ್ಯುಮೆಂಟ್ ಲಿಸ್ಟ್ ರೆಡಿ. ವಾಪಸ್ ಬರ್ತೀನಿ ಅನ್ನೋದಕ್ಕೆ ಕೆಲಸದ ಕಡೆಯಿಂದ ರಜೆ ಪತ್ರ, ದುಡ್ಡಿಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಉದ್ದೇಶಕ್ಕೆ ದಿನದ ಪ್ರಕಾರ ಪ್ಲಾನ್ ಮತ್ತೆ ಹೋಟೆಲ್ ಬುಕಿಂಗ್. ಅಪ್ಪ ರಿಟೈರ್ಡ್, ಅಮ್ಮಂಗೆ ಸ್ವಂತ ಆದಾಯ ಇಲ್ಲ, ಅದಕ್ಕೆ ಪೆನ್ಶನ್ ದಾಖಲೆ, ಖರ್ಚು ನಾನು ನೋಡ್ಕೋತೀನಿ ಅಂತ ಪತ್ರ, ಅವ್ರ ಮಗ ನಾನೇ ಅಂತ ತೋರ್ಸೋ ದಾಖಲೆ, ಮನೆ ಪತ್ರದ ಕಾಪಿ ಇಟ್ಟೆ. ಅರ್ಜಿ ಹಾಕೋಕ್ಕೆ ಸ್ವಲ್ಪ ಮುಂಚೆ ಅಕೌಂಟಿಗೆ ದೊಡ್ಡ ಮೊತ್ತ ತುಂಬಿ ತೋರ್ಸೋದು ಬೇಡ, ಆ ದುಡ್ಡು ಎಲ್ಲಿಂದ ಬಂತು ಅನ್ನೋ ಪ್ರಶ್ನೆನ ನಾವೇ ಕೈಗೆ ಕೊಟ್ಟ ಹಾಗಾಗತ್ತೆ. ಕವರ್ ಲೆಟರ್ ಒಂದೇ ಪುಟ ಬರ್ದೆ, ಯಾರು, ಯಾಕೆ, ಎಷ್ಟು ದಿನ, ಖರ್ಚು ಯಾರ್ದು, ಯಾವಾಗ ವಾಪಸ್, ಅಷ್ಟೇ. ಹೋಟೆಲ್ ತಾರೀಖು, ಟಿಕೆಟ್ ತಾರೀಖು, ಇನ್ಶೂರೆನ್ಸ್ ತಾರೀಖು, ರಜೆ ಪತ್ರದ ತಾರೀಖು ಎಲ್ಲಾ ಒಂದಕ್ಕೊಂದು ಹೊಂದ್ಬೇಕು, ನಾನು ಇದನ್ನ ಪದೇ ಪದೇ ಕೂತು ಟ್ಯಾಲಿ ಮಾಡಿದೀನಿ.

ಅರ್ಜಿ ಹಾಕೋವಾಗ ಒಂದ್ಸಲ ಬೆರಳಚ್ಚು ಕೊಟ್ರೆ 59 ತಿಂಗಳು ಅದನ್ನೇ ಮತ್ತೆ ಬಳಸ್ತಾರೆ, 12 ವರ್ಷದೊಳಗಿನ ಮಕ್ಕಳಿಗೆ ಬೇಡ.

ವೀಸಾ ಬಂದ್ಮೇಲೆ ಸ್ಟಿಕ್ಕರ್ ಓದೋದು ಅತಿ ಮುಖ್ಯ, ಇಲ್ಲೇ ಜನ ಸೋಲೋದು. ಅದರಲ್ಲಿ ಮೂರು ಬೇರೆ ಬೇರೆ ಲೆಕ್ಕ ಇರತ್ತೆ. ಯಾವ ತಾರೀಖಿಂದ ಯಾವ ತಾರೀಖಿನ ತನಕ, ಎಷ್ಟು ಸಲ ಒಳಗೆ ಹೋಗ್ಬಹುದು, ಒಟ್ಟು ಎಷ್ಟು ದಿನ ಇರ್ಬಹುದು. 10 ದಿನದ ಟ್ರಿಪ್ಪಿಗೆ ಸ್ಟಿಕ್ಕರಲ್ಲಿ 25 ದಿನದ ಅವಧಿ ಇರ್ಬಹುದು, ಯಾಕಂದ್ರೆ ಪ್ಲಾನ್ ಹಿಂದೆ ಮುಂದೆ ಆದ್ರೆ ಅನುಕೂಲ ಆಗ್ಲಿ ಅಂತ 15 ದಿನ ಸೇರಿಸಿ ಕೊಡೋ ಪದ್ಧತಿ ಇದೆ. ಅಂದ್ರೆ ಆ 25 ದಿನದ ಒಳಗೆ ಯಾವಾಗಾದ್ರೂ 10 ದಿನ, ಅಷ್ಟೇ. 25 ದಿನ ಪೂರ್ತಿ ಇರ್ಬಹುದು ಅಂತ ತಿಳ್ಕೊಂಡ್ರೆ ಓವರ್‌ಸ್ಟೇ. ಒಳಗೆ ಹೋದ ದಿನ, ಹೊರಗೆ ಬಂದ ದಿನ ಎರಡೂ ಲೆಕ್ಕಕ್ಕೆ ಬರತ್ತೆ, ರಾತ್ರಿ 11 ಗಂಟೆಗೆ ಇಳಿದ್ರೂ ಅದು ಒಂದು ದಿನ. ಇನ್ನು ಎಂಟ್ರಿ 01 ಅಂತಿದ್ರೆ ಮಧ್ಯೆ ಲಂಡನ್ನಿಗೆ ಹೋಗಿ ಮತ್ತೆ ಪ್ಯಾರಿಸ್ಸಿಗೆ ಬರೋಕ್ಕಾಗಲ್ಲ, ಹೊರಗೆ ಕಾಲಿಟ್ಟ ಕೂಡ್ಲೇ ಆ ವೀಸಾ ಮುಗೀತು. ಅಂಥ ಪ್ಲಾನ್ ಇದ್ರೆ ಅರ್ಜಿಯಲ್ಲೇ ಎರಡು ಎಂಟ್ರಿ ಕೇಳಿ, ಜೊತೆಗೆ ಬ್ರಿಟನ್ ವೀಸಾನೂ ತೋರ್ಸಿ.

ಮಲ್ಟಿಪಲ್ ಎಂಟ್ರಿ ಇರೋರಿಗೆ 90/180 ಲೆಕ್ಕ ಬರತ್ತೆ. ಯಾವುದೇ ದಿನ ನಿಂತು ಹಿಂದಿನ 180 ದಿನ ನೋಡಿದ್ರೂ ಅದರಲ್ಲಿ ಒಳಗಿದ್ದ ದಿನ 90 ದಾಟಿರ್ಬಾರ್ದು. ಜನವರಿಯಿಂದ ಜೂನ್, ಜುಲೈಯಿಂದ ಡಿಸೆಂಬರ್ ಅಂತ ಎರಡು ಪಾಲು ಅಲ್ಲ ಇದು, ದಿನದ ಜೊತೆ ಆ 180 ದಿನದ ಅವಧಿನೂ ಮುಂದಕ್ಕೆ ಸರೀತಾ ಹೋಗತ್ತೆ. ಮಾರ್ಚ್ 1ರಿಂದ ಏಪ್ರಿಲ್ 29ರವರೆಗೆ ಇದ್ರಿ, 60 ದಿನ ಆಯ್ತು. ಜುಲೈ 1ಕ್ಕೆ ಮತ್ತೆ ಹೋದ್ರಿ, ಜುಲೈ 30ಕ್ಕೆ 90 ಮುಗೀತು, ಅವತ್ತೇ ಹೊರಡ್ಬೇಕು. ಮಾರ್ಚ್ 1ನೇ ತಾರೀಖು ಲೆಕ್ಕದಿಂದ ಬಿಟ್ಟು ಹೋಗೋದು ಆಗಸ್ಟ್ 28ಕ್ಕೆ, ಅಲ್ಲಿ ತನಕ ಒಂದು ದಿನನೂ ಸಿಗಲ್ಲ. ಯುರೋಪಿಯನ್ ಕಮಿಷನ್ನವರದ್ದೇ ಕ್ಯಾಲ್ಕುಲೇಟರ್ ಆನ್‌ಲೈನಲ್ಲಿದೆ, ನಾನು ಮೊದ್ಲು ಕ್ಯಾಲೆಂಡರ್ ಇಟ್ಕೊಂಡು ಕೈಯಲ್ಲಿ ಲೆಕ್ಕ ಹಾಕಿ ಆಮೇಲೆ ಅದರಲ್ಲಿ ತಾಳೆ ನೋಡ್ತೀನಿ.

ಎರಡನೇ ಚೆಕ್ ಏರ್‌ಲೈನ್. ದಾಖಲೆ ಇಲ್ದೋರನ್ನ ಕರ್ಕೊಂಡು ಹೋದ್ರೆ ಅವ್ರಿಗೆ ದಂಡ, ವಾಪಸ್ ಕರ್ಕೊಂಡು ಬರೋ ಖರ್ಚೂ ಅವ್ರದ್ದೇ, ಅದಕ್ಕೇ ಕೌಂಟರಲ್ಲಿ ಅಷ್ಟೊಂದು ತಿರುವಿ ತಿರುವಿ ನೋಡೋದು. ಅವ್ರ ಮುಂದೆ ಇರೋದು ಸಾಮಾನ್ಯವಾಗಿ ಟಿಮ್ಯಾಟಿಕ್ ಅನ್ನೋ ಡೇಟಾಬೇಸ್, ಯಾವ ಪಾಸ್‌ಪೋರ್ಟಿಗೆ ಎಲ್ಲಿಗೆ ಹೋಗೋಕ್ಕೆ ಏನು ಬೇಕು ಅಂತ ಅದು ಹೇಳತ್ತೆ. ಮಧ್ಯೆ ಬೇರೆ ದೇಶದಲ್ಲಿ ವಿಮಾನ ಬದಲಾಯಿಸೋದಿದ್ರೆ ಆ ದೇಶದ ಟ್ರಾನ್ಸಿಟ್ ನಿಯಮ ಟಿಕೆಟ್ ಬುಕ್ ಮಾಡೋ ಮುಂಚೆನೇ ನೋಡಿ. ಎರಡು ಬೇರೆ ಬೇರೆ ಟಿಕೆಟ್ ತಗೊಂಡು ಲಗೇಜ್ ಈಚೆ ತಂದು ಮತ್ತೆ ಚೆಕ್-ಇನ್ ಮಾಡ್ಬೇಕಾದ್ರೆ ಇಮಿಗ್ರೇಷನ್ ದಾಟ್ಬೇಕಾಗತ್ತೆ, ಆಗ ಆ ದೇಶದ ವೀಸಾನೇ ಬೇಕಾಗ್ಬಹುದು.

ಕೊನೇದು ಬಾರ್ಡರ್. ವೀಸಾ ಇದೆ ಅಂದ್ರೆ ಒಳಗೆ ಬಿಡಲೇಬೇಕು ಅಂತೇನಿಲ್ಲ, ಅಲ್ಲಿನ ಆಫೀಸರ್ ಉದ್ದೇಶ, ಉಳ್ಕೊಳೋ ಜಾಗ, ದುಡ್ಡು, ವಾಪಸ್ ಟಿಕೆಟ್ ಮತ್ತೆ ಕೇಳ್ಬಹುದು. ಬಿಡದೇ ಇದ್ರೆ ಕಾರಣ ಬರ್ದಿರೋ ಫಾರ್ಮ್ ಕೊಡ್ಬೇಕು, ಮೇಲ್ಮನವಿ ಹಕ್ಕೂ ಇದೆ. ಅಪ್ಪಂಗೆ ನಾನು ಹೇಳಿಕೊಟ್ಟಿದ್ದು ಇಷ್ಟೇ, ಅಪ್ಪ ಕೇಳಿದ್ದಕ್ಕೆ ಮಾತ್ರ ನಿಜ ಹೇಳಿ, ಹೋಟೆಲ್ ಪೇಪರ್ ಕೈಚೀಲದಲ್ಲೇ ಇದೆ ತೋರ್ಸಿ. ಪ್ರಿಂಟೌಟ್ ಎಲ್ಲಾ ಮೂವರ ಹತ್ರನೂ ಒಂದೊಂದು ಸೆಟ್ ಇತ್ತು, ಚೆಕ್-ಇನ್ ಬ್ಯಾಗಲ್ಲಿ ಹಾಕ್ಬೇಡಿ.

2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಇಇಎಸ್ (ಎಂಟ್ರಿ/ಎಕ್ಸಿಟ್ ಸಿಸ್ಟಮ್) ಅನ್ನೋ ವ್ಯವಸ್ಥೆ ಶುರುವಾಗಿದೆ, ಪಾಸ್‌ಪೋರ್ಟಿಗೆ ಸೀಲ್ ಹೊಡೆಯೋ ಬದ್ಲು ಹೋಗಿ ಬಂದಿದ್ದು ಕಂಪ್ಯೂಟರಲ್ಲೇ ದಾಖಲಾಗತ್ತೆ. ದಿನದ ಲೆಕ್ಕ ಮೆಷಿನ್ನೇ ಇಡತ್ತೆ ಅಂದ್ಮೇಲೆ ಒಂದು ದಿನ ಜಾಸ್ತಿ ಆದ್ರೂ ಕಾಣ್ಸತ್ತೆ. ಎಟಿಯಾಸ್ ಅಂತ ಇನ್ನೊಂದರ ಹೆಸ್ರು ಕೇಳಿರ್ತೀರ, ಅದು ವೀಸಾ ಬೇಕಿಲ್ದೇ ಇರೋ ದೇಶದವರು ಹೊರಡೋ ಮುಂಚೆ ತಗೊಳೋ ಪ್ರವಾಸದ ಅನುಮತಿ, ಭಾರತದ ಪಾಸ್‌ಪೋರ್ಟ್ ಇರೋರು ಅದಕ್ಕೆ ದುಡ್ಡು ಕಟ್ಟೋಕ್ಕೆ ಹೋಗ್ಬೇಡಿ.

ಹೋಗಿ ಬಂದ್ಮೇಲೆ ಹಳೇ ಪಾಸ್‌ಪೋರ್ಟು, ಬೋರ್ಡಿಂಗ್ ಪಾಸು ಎಸೀಬೇಡಿ. 2024ರ ಏಪ್ರಿಲಲ್ಲಿ ಬಂದ ನಿಯಮದ ಪ್ರಕಾರ ಭಾರತದಲ್ಲಿರೋ ಭಾರತೀಯರು ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಸರಿಯಾಗಿ ಬಳಸಿದ್ರೆ 2 ವರ್ಷದ ಮಲ್ಟಿಪಲ್ ಎಂಟ್ರಿ ಸಿಗ್ಬಹುದು, ಆಮೇಲೆ ಪಾಸ್‌ಪೋರ್ಟ್ ವ್ಯಾಲಿಡಿಟಿ ಇದ್ರೆ 5 ವರ್ಷದ್ದು. ಮುಂದಿನ ಅರ್ಜಿಯ ಕವರ್ ಲೆಟರಲ್ಲಿ ಹಿಂದಿನ ವೀಸಾ ನಂಬರ್, ಹೋಗಿ ಬಂದ ತಾರೀಖು ಬರ್ದು ಆ ಪೇಜುಗಳ ಕಾಪಿ ಇಡಿ, ಸ್ಟ್ಯಾಂಪ್ ಇಲ್ಲದ ಟ್ರಿಪ್ಪಾದ್ರೆ ಬೋರ್ಡಿಂಗ್ ಪಾಸೂ ಇರ್ಲಿ.